ಪೇಟೆಬೀದಿಯ ಪಾಳು ಕಟ್ಟಡ ಮತ್ತೆ ಬಳಕೆಗೆ ಬಂದ ಬಗೆ

ಹಳೆಯ ಪೇಟೆಬೀದಿಯಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಮೂರಂತಸ್ತಿನ ವಾಣಿಜ್ಯ ಕಟ್ಟಡವೊಂದನ್ನು ಕೊಂಡು, ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವ ಕೆಲಸಕ್ಕೆ ನಾನು ಕೈಹಾಕಿದಾಗ, ಪರಿಚಯದ ಗುತ್ತಿಗೆದಾರರೆಲ್ಲರೂ ಅದನ್ನು ಕೆಡವಿ ಹೊಸದು ಕಟ್ಟಿಸುವಂತೆಯೇ ಸಲಹೆ ಕೊಟ್ಟರು. ಕಟ್ಟುವವರ ದೃಷ್ಟಿಯಿಂದ ಅದು ಸರಿಯಾದ ಸಲಹೆಯೇ ಆಗಿತ್ತು. ಆದರೆ ಹೊಸ ಕಟ್ಟಡದ ಸಾಲ ತೀರಬೇಕಾದರೆ ಬಾಡಿಗೆ ದುಬಾರಿಯಾಗಲೇಬೇಕು, ಅಷ್ಟು ಬಾಡಿಗೆ ತೆರಬಲ್ಲ ವ್ಯಾಪಾರಿ ಗಿರಾಕಿಗಳಿಲ್ಲದ ಬೀದಿಗೆ ಬರುವುದಿಲ್ಲ. ಹೊಸ ಪ್ರಯೋಗಗಳಿಗೆ ಹಳೆಯ ಕಟ್ಟಡಗಳೇ ಬೇಕು ಎಂದು ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದು ಈ ಲೆಕ್ಕಾಚಾರದ ಮೇಲೆಯೇ. ಹಾಗಾಗಿ ನನ್ನ ಗುರಿ ಸರಳವಾಗಿತ್ತು: ಕಟ್ಟಡ ಕುಸಿಯದಂತೆ ಮತ್ತು ಸೋರದಂತೆ ಮಾಡಿ, ನೆಲ ಅಂತಸ್ತಿನ ಬಾಗಿಲುಗಳನ್ನು ಆದಷ್ಟು ಬೇಗ ತೆರೆಯುವುದು, ಮೇಲಿನ ಅಂತಸ್ತುಗಳನ್ನು ಬಾಡಿಗೆಯ ಹಣ ಬರತೊಡಗಿದ ಮೇಲೆ ನೋಡಿಕೊಳ್ಳುವುದು.

ಬಳಕೆ ತಪ್ಪಿದ ಕಟ್ಟಡವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುವುದು ನೀರು. ನಮ್ಮ ತಾರಸಿಯ ಮಳೆನೀರಿನ ಕೊಳವೆಗಳು ತರಗೆಲೆಯಿಂದ ಕಟ್ಟಿಕೊಂಡಿದ್ದವು, ಪ್ಯಾರಾಪೆಟ್ ಗೋಡೆಯ ಸಂದಿನಲ್ಲಿ ಗಿಡಗಳು ಬೇರೂರಿದ್ದವು. ಇಂಥ ಗಿಡವನ್ನು ಕಿತ್ತೆಳೆದರೆ ಬೇರಿನ ಜೊತೆ ಇಟ್ಟಿಗೆಗಳೂ ಬರುತ್ತವೆ. ಆದ್ದರಿಂದ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಕಳೆನಾಶಕ ಹಚ್ಚಿಸಿ, ಬೇರು ಪೂರ್ತಿ ಒಣಗಿದ ಬಳಿಕವೇ ಸಂದುಗಳನ್ನು ಬಿಡಿಸಿ ಗಾರೆ ತುಂಬಿಸಿದೆವು.

ಗೋಡೆಗಳದ್ದೇ ದೊಡ್ಡ ಕೆಲಸ. ಅವು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗಳು; ಹಿಂದಿನವರು ಯಾರೋ ತೇವ ಕಾಣದಿರಲೆಂದು ಅವುಗಳ ಕೆಳಭಾಗಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಗಾರೆಯ ಸಂದುಗಳ ಮೂಲಕ ಹೊರಗೆ ಆವಿಯಾಗಿಸುತ್ತದೆ. ಆ ದಾರಿಯನ್ನು ಸಿಮೆಂಟ್ ಮುಚ್ಚಿದರೆ ತೇವ ಗೋಡೆಯೊಳಗೇ ಮೇಲೇರುತ್ತದೆ, ಅದರೊಡನೆ ಬಂದ ಲವಣ ಇಟ್ಟಿಗೆಯ ಒಳಗೆ ಹರಳುಗಟ್ಟಿ ಅದನ್ನು ಒಳಗಿನಿಂದಲೇ ಪುಡಿಗಟ್ಟಿಸುತ್ತದೆ. ನಮ್ಮ ಮೇಸ್ತ್ರಿ ಉಳಿಯಿಂದ ಮೆಲ್ಲಗೆ ಮೀಟಿದಾಗ ಗಿಲಾವು ಹಲಗೆಯಂತೆ ಇಡಿಯಾಗಿ ಕಳಚಿ ಬಂತು. ಹಿಂದಿನ ಇಟ್ಟಿಗೆಯನ್ನು ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿಯೊಡನೆ ಬಿಳಿಯ ಉಪ್ಪೂ ಉದುರುತ್ತಿತ್ತು. ಗೋಡೆಯನ್ನು ಹಾಗೆಯೇ ತೆರೆದಿಟ್ಟು, ಮಳೆಯಿಲ್ಲದ ತಿಂಗಳುಗಳಲ್ಲಿ ಚೆನ್ನಾಗಿ ಒಣಗಲು ಬಿಟ್ಟೆವು. ಬಳಿಕ ಪುಡಿಯಾದ ಇಟ್ಟಿಗೆಗಳನ್ನು ಬದಲಿಸಿ, ಸಂದುಗಳನ್ನು ಅವುಗಳ ಅಗಲದ ಎರಡು ಪಟ್ಟಿಗಿಂತ ಕಡಿಮೆಯಿಲ್ಲದ ಆಳಕ್ಕೆ ಕೆರೆಸಿ, ಸುಣ್ಣದ ಗಾರೆ ತುಂಬಿಸಿದೆವು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಒದ್ದೆ ಗೋಣಿತಾಟು ಹೊದಿಸಿ ಅದನ್ನು ಬೇಗ ಒಣಗದಂತೆ ಕಾಯಬೇಕು. ಅವಸರದ ಗುತ್ತಿಗೆದಾರನಿಗೆ ಈ ಕೆಲಸ ಒಗ್ಗುವುದಿಲ್ಲ, ಒಗ್ಗಿಸಲು ನಾನು ಪ್ರಯತ್ನಿಸಲೂ ಇಲ್ಲ.

ಹಿಂಬದಿಗೆ ಆಮೇಲೆ ಸೇರಿಸಿದ್ದ ಕಾಂಕ್ರೀಟ್ ಭಾಗದ್ದು ಬೇರೆಯದೇ ರೋಗ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ, ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಪದರ ಬಣ್ಣವೇರದೆ ಉಳಿಯುತ್ತದೆ. ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಯುವುದು ಆ ಕ್ಷಾರವೇ. ಬಣ್ಣವೇರದ ಪದರ ಸರಳನ್ನು ಮುಟ್ಟಿದ್ದ ತೊಲೆಗಳಲ್ಲಿ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿಸಿ, ತುಕ್ಕು ಉಜ್ಜಿಸಿ, ಸವೆದ ಕಡೆ ಹೊಸ ಸರಳು ಜೋಡಿಸಿ ಮುಚ್ಚಿಸಿದೆವು. ಈ ಪರೀಕ್ಷೆಗೆ ತಗಲುವ ಖರ್ಚು ಅಲ್ಪ. ಕೊಳ್ಳುವ ಮೊದಲೇ ಮಾಡಿಸಿದರೆ ಬೆಲೆಯ ಮಾತುಕತೆಗೂ ಅನುಕೂಲ.

ಇನ್ನು ಬೀದಿಯ ಕಡೆಯ ಮುಖ. ಅದಕ್ಕೆ ಹೊದಿಸಿದ್ದ ತಗಡಿನ ಹಾಳೆಗಳನ್ನು ಬಿಚ್ಚಿದಾಗ ಬಾಗಿಲುಗಳ ಮೇಲೆ ಉದ್ದಕ್ಕೂ ಹಳೆಯ ಗಾಜಿನ ಕಿಂಡಿಗಳು ಸಿಕ್ಕವು. ಮಳಿಗೆಯ ಹಿಂದಿನ ಗೋಡೆಯವರೆಗೆ ಹಗಲಿನ ಬೆಳಕು ತಲುಪಲೆಂದೇ ಅವುಗಳನ್ನು ಅಷ್ಟು ಎತ್ತರದಲ್ಲಿ ಇಟ್ಟಿದ್ದರು. ಇಡೀ ನೆಲ ಅಂತಸ್ತನ್ನು ಒಬ್ಬರೇ ಉಗ್ರಾಣಕ್ಕೆ ಕೇಳಿದರು, ಮುಂಗಡವೂ ಸಿದ್ಧವಿತ್ತು. ನಾನು ಒಪ್ಪಲಿಲ್ಲ, ಉಗ್ರಾಣದ ಮುಚ್ಚಿದ ಗೋಡೆ ಬೀದಿಗೆ ಏನನ್ನೂ ಕೊಡುವುದಿಲ್ಲ. ನಡೆಯುವವರನ್ನು ಹಿಡಿದು ನಿಲ್ಲಿಸುವ ಬೀದಿಯಲ್ಲಿ ನೂರು ಮೀಟರಿಗೆ 15ರಿಂದ 20 ಮಳಿಗೆಗಳಿರುತ್ತವೆ ಎಂಬುದು ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅವರ ಅಳತೆ. ಎಂದರೆ ಒಂದೊಂದರ ಅಗಲ ಐದಾರು ಮೀಟರ್. ನಮ್ಮ ಹಳೆಯ ಕಂಬಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ, ಕಂಬದಿಂದ ಕಂಬಕ್ಕೆ ಒಂದೊಂದು ಮಳಿಗೆ ಮಾಡಿದೆವು.

ಕರಾರಿನಲ್ಲಿ ಕೆಲವು ಷರತ್ತುಗಳನ್ನು ಬರೆಸಿದೆ. ಆರಂಭದ ಅವಧಿಯಲ್ಲಿ ಸಣ್ಣ ಮೂಲಬಾಡಿಗೆ ಮತ್ತು ವಹಿವಾಟಿನ ಒಂದು ಪಾಲು. ಗಾಜಿಗೆ ಕಾಗದ ಅಂಟಿಸುವಂತಿಲ್ಲ. ಷಟರ್ ಜಾಲರಿಯದೇ ಆಗಿರಬೇಕು, ಅಂಗಡಿ ಮುಚ್ಚಿದ ಮೇಲೂ ಒಳಗೊಂದು ದೀಪ ಉರಿಯುತ್ತಿರಬೇಕು. ದೀಪದ ಷರತ್ತಿಗೆ ಬಾಡಿಗೆದಾರರು ಗೊಣಗಿದ್ದೇ ಹೆಚ್ಚು, ಅದರ ವಿದ್ಯುತ್ ಖರ್ಚನ್ನು ನಾನೇ ವಹಿಸಿಕೊಂಡೆ. ರಾತ್ರಿ ಕತ್ತಲಾಗಿರುವ ಬೀದಿಗೆ ಸಂಜೆಯ ವ್ಯಾಪಾರ ಬರುವುದಿಲ್ಲ.

ಒಂದು ಕಟ್ಟಡ ರಿಪೇರಿಯಾದ ಮಾತ್ರಕ್ಕೆ ಬೀದಿ ಚೇತರಿಸಿಕೊಳ್ಳುತ್ತದೆಂದು ನಾನು ನಂಬಿರಲಿಲ್ಲ. ಅಮೆರಿಕದಲ್ಲಿ 1977ರಲ್ಲಿ ಮೂರು ಸಣ್ಣ ಊರುಗಳಲ್ಲಿ ಪ್ರಯೋಗವಾಗಿ ಶುರುವಾದ, ಹಳೆಯ ಪೇಟೆಬೀದಿಗಳಿಗೆ ಮತ್ತೆ ಜೀವ ತುಂಬುವ ಮೇನ್ ಸ್ಟ್ರೀಟ್ ಕಾರ್ಯಕ್ರಮ ಕಟ್ಟಡಗಳ ವಿನ್ಯಾಸದಷ್ಟೇ ತೂಕವನ್ನು ವ್ಯಾಪಾರಿಗಳ ಸಂಘಟನೆ, ಪ್ರಚಾರ ಮತ್ತು ಆರ್ಥಿಕ ಯೋಜನೆಗೆ ಕೊಟ್ಟಿತ್ತು. ಅದೇ ದಾರಿ ಹಿಡಿದು ಅಕ್ಕಪಕ್ಕದ ಮಾಲೀಕರೆಲ್ಲ ಒಂದು ಸಂಘ ಮಾಡಿಕೊಂಡಿದ್ದೇವೆ. ಸರಕು ಇಳಿಸುವ ಹೊತ್ತನ್ನು ಬೆಳಗಿನ ಜಾವಕ್ಕೆ ಸೀಮಿತಗೊಳಿಸಿದ್ದು ಅದರ ಮೊದಲ ಕೆಲಸ, ಬೀದಿ ನಡೆಯುವವರಿಗೆ ಸಿಕ್ಕಿದ್ದು ಅದರಿಂದಲೇ. ಮಧ್ಯದ ಅಂತಸ್ತಿಗೆ ಈಗ ಸಣ್ಣ ಕಚೇರಿಗಳು ಬಂದಿವೆ, ಅಲ್ಲಿ ಸರಕು ಪೇರಿಸದಂತೆ ಕರಾರಿನಲ್ಲೇ ತಡೆದಿದ್ದೇನೆ, ಏಕೆಂದರೆ ಹಳೆಯ ಜಂತಿಗಳು ದಾಸ್ತಾನಿನ ಭಾರಕ್ಕೆ ಸಾಲವು. ಮೂರನೆಯ ಅಂತಸ್ತನ್ನು ವಾಸಕ್ಕೆ ಕೊಡಬೇಕೆಂಬ ಆಸೆಯಿದೆ. ಬೆಂಕಿ ಬಿದ್ದರೆ ಇಳಿದು ಪಾರಾಗಲು ಎರಡನೆಯ ಮೆಟ್ಟಿಲು ಮುಗಿಯುವವರೆಗೆ ಅದಕ್ಕೆ ಬೀಗ ಹಾಕಿಯೇ ಇಟ್ಟಿದ್ದೇನೆ.