ಇಪ್ಪತ್ತೆರಡು ವಚನಗಳಲ್ಲಿ ನನ್ನವಳು

ನನ್ನ ಹೆಂಡತಿ ಪ್ರಭುವಿನಲ್ಲಿ ನಿದ್ರಿಸಿದ ವಾರ ಮನೆಗೆ ಬಂದವರೆಲ್ಲ ಅವಳನ್ನು ಹೊಗಳಿದರು. ಒಳ್ಳೆಯ ಹೆಂಗಸು, ದೈವಭಕ್ತೆ, ಮಕ್ಕಳನ್ನು ಚೆನ್ನಾಗಿ ಬೆಳೆಸಿದಳು ಎಂದರು. ಒಂದೂ ಸುಳ್ಳಲ್ಲ. ಆದರೂ ರಾತ್ರಿ ಒಬ್ಬನೇ ಕುಳಿತಾಗ ಆ ಮಾತುಗಳಲ್ಲಿ ಅವಳ ಮುಖ ಕಾಣಲಿಲ್ಲ. ಸ್ಮರಣೆಯ ಕೂಟದಲ್ಲಿ ಮನೆಯವರ ಪರವಾಗಿ ನಾನೇ ಮಾತನಾಡಬೇಕೆಂದು ಸಭಾಪಾಲಕರು ಹೇಳಿದ್ದರು. ಮೂರು ಸಲ ಬರೆದೆ, ಮೂರು ಸಲ ಹರಿದೆ.

ದಾರಿ ಸಿಕ್ಕಿದ್ದು ಅವಳ ಬೈಬಲಿನಲ್ಲೇ. ಅದರ ಜ್ಞಾನೋಕ್ತಿಗಳು ಎಂಬ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಗುಣವತಿಯಾದ ಸತಿಯ ವರ್ಣನೆ ಇದೆ. 10ರಿಂದ 31ರವರೆಗೆ 22 ವಚನಗಳು. ಹೀಬ್ರೂ ಮೂಲದಲ್ಲಿ ಅವು ಆ ಭಾಷೆಯ 22 ಅಕ್ಷರಗಳಿಂದ ಕ್ರಮವಾಗಿ ಆರಂಭವಾಗುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ 22 ಅಂಕಿಗಳನ್ನು ಹಾಕಿಕೊಂಡೆ. ಪ್ರತಿ ಅಂಕಿಯ ಮುಂದೆ ಅವಳು ಮಾಡಿದ ಒಂದು ಕೆಲಸವನ್ನು ಬರೆಯಬೇಕು, ಹೊಗಳಿಕೆಯ ಪದ ಒಂದೂ ಬರಕೂಡದು ಎಂದು ನಿಶ್ಚಯಿಸಿದೆ.

ನೂಲು, ಬಟ್ಟೆಯ ವಚನಗಳು ಸುಲಭವಾದವು. ಅವಳ ಮುತ್ತಜ್ಜ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ಕುಳಿತವರು. ಇವಳು ಪ್ರತಿ ಕ್ರಿಸ್ಮಸ್‌ಗೆ ಹಳೆಯ ಸೀರೆಗಳನ್ನು ಕತ್ತರಿಸಿ ಸಂಡೇ ಸ್ಕೂಲಿನ ಮಕ್ಕಳಿಗೆ ಯೇಸುವಿನ ಜನನದ ನಾಟಕದ ಕುರುಬರ, ಜೋಯಿಸರ ಉಡುಪು ಹೊಲಿಯುತ್ತಿದ್ದಳು. ಕತ್ತಲಿರುವಾಗಲೇ ಏಳುತ್ತಾಳೆ ಎಂಬ 15ನೆಯ ವಚನಕ್ಕೆ ಅವಳ ಬೆಳಗಿನ ಜಾವ ನಾಲ್ಕು ಗಂಟೆಯ ಪ್ರಾರ್ಥನೆಯನ್ನು ಬರೆದೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿದ್ದರೂ ನಮ್ಮ ಮನೆಯಲ್ಲಿ ಓದು ಕನ್ನಡದ್ದು, ಪ್ರಾರ್ಥನೆ ತುಳುವಿನದು. ಅಡುಗೆಮನೆಯಿಂದ ಪಿಸುದನಿಯಲ್ಲಿ ಹೆಸರುಗಳು ಒಂದೊಂದಾಗಿ ಕೇಳಿಬರುತ್ತಿದ್ದವು. ನನ್ನ ಹೆಸರು ಬಂದ ಮೇಲೆ ನಾನು ಮತ್ತೆ ನಿದ್ದೆ ಹೋಗುತ್ತಿದ್ದೆ.

ರಕ್ತವರ್ಣದ ಬಟ್ಟೆಯ ವಚನಕ್ಕೆ ಏನೂ ಹೊಳೆಯಲಿಲ್ಲ, ಖಾಲಿ ಬಿಟ್ಟೆ.

ಕೈ ನಡುಗಿದ್ದು 25ರಲ್ಲಿ. ಆ ಸತಿ ಬರಲಿರುವ ದಿನಗಳನ್ನು ನೆನೆದು ನಗುತ್ತಾಳಂತೆ. ನನ್ನವಳು ಕೊನೆಯ ಎರಡು ತಿಂಗಳು ನಗಲಿಲ್ಲ. ಹೆದರಿದ್ದಳು. ಒಂದು ರಾತ್ರಿ ‘ಕೈ ಬುಡೊಡ್ಚಿ’ ಎಂದು ಬೆಳಗಿನ ತನಕ ಹೇಳುತ್ತಲೇ ಇದ್ದಳು, ಕೈ ಬಿಡಬೇಡಿ ಎಂದು. ಇದನ್ನು ಸಭೆಯ ಮುಂದೆ ಓದಬಾರದು, ಅಮ್ಮನ ವಿಶ್ವಾಸ ಕುಂದಿತ್ತು ಎಂದುಕೊಳ್ಳುತ್ತಾರೆ ಎಂದ ಮಗ. ಮಗಳು ಅಮ್ಮನ ಬೈಬಲಿನಲ್ಲಿ ಕೀರ್ತನೆಗಳ ಪುಟವನ್ನು ತೆರೆದು 22ನೆಯದನ್ನು ತೋರಿಸಿದಳು: ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು ಆರಂಭವಾಗುವ ಕೀರ್ತನೆ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ ಅದನ್ನೇ. ಅದರ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಆ ತಿಂಗಳುಗಳ ತಾರೀಖುಗಳನ್ನು ಗುರುತಿಸಿಟ್ಟಿದ್ದಳು. ಹನ್ನೊಂದು ತಾರೀಖುಗಳು. ಹೆದರಿದ ಹನ್ನೊಂದು ದಿನವೂ ಅವಳು ದೇವರ ಹತ್ತಿರವೇ ಹೋಗಿ ಕೇಳಿದ್ದಳು. ಮಗ ಮತ್ತೆ ಮಾತನಾಡಲಿಲ್ಲ. ನಾನು ಹಾಗೆಯೇ ಬರೆದೆ, ಹಾಗೆಯೇ ಓದಿದೆ.

ಮಕ್ಕಳು ಎದ್ದು ಅವಳನ್ನು ಧನ್ಯಳೆನ್ನುವರು, ಗಂಡನು ಕೊಂಡಾಡುವನು ಎಂಬುದು 28ನೆಯ ವಚನ. ಅಲ್ಲಿ ಅವಳ ಕೆಲಸವನ್ನು ಬರೆಯಲಾಗಲಿಲ್ಲ. ನಲವತ್ತೊಂದು ವರ್ಷಗಳಲ್ಲಿ ಬಾಯಿ ಬಿಟ್ಟು ಹೇಳದೆ ಉಳಿಸಿಕೊಂಡದ್ದನ್ನು ಬರೆದೆ. ಓದುವಾಗ ಗಂಟಲು ಕಟ್ಟಿತು, ಉಳಿದ ಅರ್ಧವನ್ನು ಮಗಳು ಓದಿದಳು.

ಕೂಟ ಮುಗಿದ ಮೇಲೆ ನಮ್ಮ ಬೀದಿಗೆ ಮೀನು ತರುವ ಹೆಂಗಸು ಗೇಟಿನ ಬಳಿ ನಿಂತಿದ್ದಳು. ಬಡವರಿಗೆ ಕೈ ನೀಡುವ 20ನೆಯ ವಚನಕ್ಕೆ ನಾನು ಕ್ರಿಸ್ಮಸ್ ಅಕ್ಕಿಯ ವಿಷಯವನ್ನು ಬರೆದಿದ್ದೆ. ‘ಅಕ್ಕಿ ಅಲ್ಲ,’ ಎಂದಳು ಅವಳು. ಅವಳ ಮಗಳು ಕಾಲೇಜಿಗೆ ಹೋಗುವ ಎರಡು ವರ್ಷಗಳ ಬಸ್ ಪಾಸಿನ ಹಣವನ್ನು ನನ್ನವಳೇ ಕೊಟ್ಟಿದ್ದಳಂತೆ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು. ಪುಟದಲ್ಲಿ ಜಾಗ ಉಳಿದಿರಲಿಲ್ಲ. ಅವಳ ಹಾಗೆಯೇ ಅಂಚಿನಲ್ಲಿ, ಪೆನ್ಸಿಲಿನಿಂದ ಬರೆದುಕೊಂಡೆ.