ಟೈಮ್‌ಕೋಡಿನಿಂದ ಬಾರ್‌ಗೆರೆಗೆ: ಹಿನ್ನೆಲೆ ಸಂಗೀತವನ್ನು ನೊಟೇಶನ್ ಸಾಫ್ಟ್‌ವೇರಿನಲ್ಲಿ ಕಟ್ಟುವ ಬಗೆ

ನನ್ನ ಕಸುಬು ಆರ್ಕೆಸ್ಟ್ರೇಶನ್. ಸಂಗೀತ ನಿರ್ದೇಶಕರು ಕೀಬೋರ್ಡಿನಲ್ಲಿ ನುಡಿಸಿ ಕಂಪ್ಯೂಟರಿಗೆ ಹಾಕಿದ್ದನ್ನು ವಾದಕರು ಸ್ಟ್ಯಾಂಡಿನ ಮೇಲಿಟ್ಟು ಓದಿ ನುಡಿಸುವಂತೆ ಬರೆದುಕೊಡುತ್ತೇನೆ. ನಡುನಡುವೆ ನನ್ನದೇ ಸಂಗೀತವನ್ನೂ ಬರೆಯುತ್ತೇನೆ. ಎರಡೂ ಕಡೆ ಕೂತು ನೋಡಿದ್ದರಿಂದ ಹೇಳುತ್ತೇನೆ: ನೊಟೇಶನ್ (ಸ್ವರಲಿಪಿ) ಸಾಫ್ಟ್‌ವೇರನ್ನು ಕೊನೆಗೆ ತೆರೆದು ಟೈಪ್‌ರೈಟರಿನ ಹಾಗೆ ಬಳಸುವವರಿಗೆ ಅದರ ಅರ್ಧ ಲಾಭವೂ ಸಿಗುವುದಿಲ್ಲ. ಅದನ್ನು ಮೊದಲ ದಿನವೇ ತೆರೆಯಿರಿ.

ಹಾಗಂತ ಎಲ್ಲರೂ ಅದರಲ್ಲೇ ಬರೆಯಬೇಕು ಎಂದೇನಿಲ್ಲ. ಜಾನ್ ವಿಲಿಯಮ್ಸ್, ಇಳಯರಾಜ ಅವರಂಥವರು ಪೆನ್ಸಿಲು ಹಿಡಿದು ಕಾಗದದ ಮೇಲೆಯೇ ಬರೆದವರು. ಹಾನ್ಸ್ ಝಿಮ್ಮರ್ ಕ್ಯೂಬೇಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ನುಡಿಸಿ ಕಟ್ಟುತ್ತಾರೆ. ವಾದಕರಿಗೆ ಬೇಕಾದ ನೊಟೇಶನ್ ಆಮೇಲೆ ಬೇರೆಯವರ ಕೈಯಿಂದ ಬರುತ್ತದೆ. ಈ ಎರಡು ತುದಿಗಳ ನಡುವೆ ಇರುವ ನಮ್ಮಂಥವರಿಗಾಗಿ ಈ ಬರಹ.

ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆಯನ್ನು ಬೇಗ ಮುಗಿಸೋಣ. ಸಿಬೆಲಿಯಸ್ ಮತ್ತು ಡೊರಿಕೊ ಎರಡರಲ್ಲೂ ವಿಡಿಯೊ ಜೋಡಿಸಬಹುದು, ಹಿಟ್ ಪಾಯಿಂಟ್ (ಸಂಗೀತ ಹೊಂದಿಕೊಳ್ಳಬೇಕಾದ ದೃಶ್ಯದ ಕ್ಷಣ) ಗುರುತಿಸಬಹುದು. ಮ್ಯೂಸ್‌ಸ್ಕೋರ್ ಉಚಿತ, ಕಲಿಯಲು ಮತ್ತು ಸ್ಕೆಚ್ ಮಾಡಲು ಧಾರಾಳ ಸಾಕು. 1988ರಿಂದ ಇದ್ದ ಫಿನಾಲೆಯ ಅಭಿವೃದ್ಧಿಯನ್ನು ಅದರ ತಯಾರಕರು 2024ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ನಿಮ್ಮ ಹಳೆಯ ಕೆಲಸ ಅದರಲ್ಲಿದ್ದರೆ, ಅದು ನಿಮ್ಮ ಯಂತ್ರದಲ್ಲಿ ಇನ್ನೂ ತೆರೆಯುತ್ತಿರುವಾಗಲೇ ಎಲ್ಲವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ನೊಟೇಶನ್ ಸಾಫ್ಟ್‌ವೇರುಗಳೂ ಓದಬಲ್ಲ ಫೈಲ್ ರೂಪ) ಆಗಿ ಹೊರತೆಗೆದಿಟ್ಟುಕೊಳ್ಳಿ, ಜೊತೆಗೊಂದು ಪಿಡಿಎಫ್ ಕೂಡ. ಸ್ವರಗಳು ಸುರಕ್ಷಿತವಾಗಿ ದಾಟುತ್ತವೆ, ಪುಟದ ಅಂದ ದಾಟುವುದಿಲ್ಲ. ಆಗ ಪಿಡಿಎಫ್ ನೋಡಿ ಸರಿಪಡಿಸಬಹುದು.

ಮೊದಲು ಚಿತ್ರ, ಆಮೇಲೆ ಸ್ವರ

ನಿರ್ದೇಶಕರ ಜೊತೆ ಕೂತು ಎಲ್ಲಿ ಸಂಗೀತ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವ ಸ್ಪಾಟಿಂಗ್ ಮುಗಿದ ಮೇಲೆ ಪ್ರತಿ ತುಣುಕಿಗೂ ಒಂದು ಹೆಸರು ಬೀಳುತ್ತದೆ. 3ಎಂ2 ಎಂದರೆ ಮೂರನೇ ರೀಲಿನ ಎರಡನೇ ಕ್ಯೂ (ಸಂಗೀತದ ತುಣುಕು). ಆ ಹೆಸರನ್ನೇ ಫೈಲಿಗೂ ಇಡಿ, ಮುಂದೆ ವಿ1, ವಿ2 ಎಂದು ಆವೃತ್ತಿ ಸಂಖ್ಯೆ ಸೇರಿಸಿ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳನ್ನು ನನ್ನ ಕಂಪ್ಯೂಟರಿನೊಳಗೆ ಬಿಟ್ಟುಕೊಳ್ಳುವುದಿಲ್ಲ.

ವಿಡಿಯೊ ಜೋಡಿಸಿದ ತಕ್ಷಣ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿ. 24 ಮತ್ತು 23.976ರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು, ಅಷ್ಟೇ. ಆದರೆ ನಾಲ್ಕು ನಿಮಿಷದ ಕ್ಯೂ ಮುಗಿಯುವ ಹೊತ್ತಿಗೆ ಅದು ಕಾಲು ಸೆಕೆಂಡಿನ ಹತ್ತಿರ, ಅಂದರೆ ಸುಮಾರು ಆರು ಫ್ರೇಮ್ ಆಗಿರುತ್ತದೆ. ಬಾಗಿಲು ಬಡಿದ ಮೇಲೆ ಡ್ರಮ್ ಕೇಳಿಸಲು ಅಷ್ಟು ಸಾಕು. ನಂತರ ಚಿತ್ರದ ಮೇಲೆ ಅಚ್ಚಾಗಿರುವ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ಗಳ ಲೆಕ್ಕ) ಮತ್ತು ಸಾಫ್ಟ್‌ವೇರ್ ತೋರಿಸುವ ಟೈಮ್‌ಕೋಡ್ ಎರಡೂ ಒಂದೇ ಇವೆಯೇ ಎಂದು ಕ್ಯೂವಿನ ಮೊದಲಲ್ಲೂ ಕೊನೆಯಲ್ಲೂ ಹೋಲಿಸಿ. ಮೊದಲಲ್ಲಿ ಮಾತ್ರ ನೋಡಿದರೆ ಈ ಜಾರುವಿಕೆ ಕಣ್ಣಿಗೆ ಬೀಳುವುದಿಲ್ಲ.

ಈಗ ಟೆಂಪೊ, ಅಂದರೆ ಸಂಗೀತದ ವೇಗ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ರುಚಿಯ ಭಾಗ ಇದು. ಒಂದು ದೃಶ್ಯ ಇಟ್ಟುಕೊಳ್ಳೋಣ. ಕ್ಯೂ ಶುರುವಾಗಿ 14 ಸೆಕೆಂಡಿಗೆ ಅವಳು ಲಕೋಟೆ ಹರಿಯುತ್ತಾಳೆ. 22ರಿಂದ 27ರವರೆಗೆ ಮಾತು. 31.5ಕ್ಕೆ ತಿರುಗಿ ಅವನನ್ನು ನೋಡುತ್ತಾಳೆ. 48ಕ್ಕೆ ಕಟ್ ಆಗಿ ಖಾಲಿ ರೈಲು ನಿಲ್ದಾಣ. ಕೈ ತಾನಾಗಿ ಹಿಡಿಯುವ ವೇಗ ನಿಮಿಷಕ್ಕೆ 72 ಬೀಟ್ ಎಂದುಕೊಳ್ಳಿ. ಆ ವೇಗದಲ್ಲಿ 14ನೇ ಸೆಕೆಂಡ್ 4/4 ತಾಳದ (ಬಾರಿಗೆ, ಅಂದರೆ ಒಂದು ಆವರ್ತಕ್ಕೆ, ನಾಲ್ಕು ಬೀಟ್) ಐದನೇ ಬಾರಿನ ಎರಡನೇ ಬೀಟಿಗಿಂತ ನಾಲ್ಕು ಫ್ರೇಮ್ ಮುಂಚೆ ಬೀಳುತ್ತದೆ. ಹತ್ತಿರವೇ, ಆದರೆ ಕಿವಿಗೆ ಗೊತ್ತಾಗುವಷ್ಟು ದೂರ.

ಇಲ್ಲಿ ಲೆಕ್ಕ ಸರಳ. 14 ಸೆಕೆಂಡಿನಲ್ಲಿ ಸರಿಯಾಗಿ 16 ಬೀಟ್ ಬರಬೇಕೆಂದರೆ ವೇಗ 68.57. ಒಂದು ಬೀಟಿಗೆ 0.875 ಸೆಕೆಂಡ್, 24ರ ರೇಟಿನಲ್ಲಿ ಸರಿಯಾಗಿ 21 ಫ್ರೇಮ್. ಅದೇ ವೇಗದಲ್ಲಿ ಮುಂದುವರಿದರೆ 31.5ನೇ ಸೆಕೆಂಡ್ 36 ಬೀಟ್ ಮುಗಿದ ಜಾಗ, ಅಂದರೆ ಹತ್ತನೇ ಬಾರಿನ ಮೊದಲ ಬೀಟ್. ಎರಡು ಹಿಟ್ ಒಂದೇ ಟೆಂಪೊದಲ್ಲಿ ಸಿಕ್ಕವು. ಮೂರನೆಯದು ಇಷ್ಟು ಸಲೀಸಾಗಿ ಸಿಗುವುದಿಲ್ಲ: 31.5ರಿಂದ 48ರವರೆಗೆ 16.5 ಸೆಕೆಂಡ್, ಅಲ್ಲಿ 18.86 ಬೀಟ್ ಬರುತ್ತವೆ. ಅದನ್ನು 19 ಮಾಡಿದರೆ ವೇಗ 69.09 ಆಗುತ್ತದೆ, ಯಾರ ಗಮನಕ್ಕೂ ಬಾರದಷ್ಟು ಸಣ್ಣ ಏರಿಕೆ. 19 ಎಂದರೆ 4/4ರ ನಾಲ್ಕು ಬಾರು, 3/4ರ ಒಂದು ಬಾರು. ಆ 3/4 ಬಾರನ್ನು ಎಲ್ಲಿಡುತ್ತೀರಿ ಎಂಬುದು ಮಾತ್ರ ಯಂತ್ರ ಹೇಳಿಕೊಡುವ ವಿಷಯವಲ್ಲ. ನಾನಾದರೆ ಕಟ್‌ಗೆ ತೀರಾ ಮುಂಚೆ ಇಡುವುದಿಲ್ಲ, ಎಡವಿದಂತೆ ಕೇಳುತ್ತದೆ. ಅವಳು ತಿರುಗಿ ನೋಡಿದ ಮೇಲೆ ಎರಡನೇ ಬಾರಿನಲ್ಲಿ, ರಾಗದ ಸಾಲು ಉಸಿರು ತೆಗೆದುಕೊಳ್ಳುವಲ್ಲಿ ಇಡುತ್ತೇನೆ.

ಡೊರಿಕೊದಲ್ಲಿ ಟೆಂಪೊ ಹುಡುಕಿಕೊಡುವ ಕಿಟಕಿಯೇ ಇದೆ. ಮುಖ್ಯವಾದ ಮಾರ್ಕರುಗಳನ್ನು ಗುರುತಿಸಿದರೆ ಯಾವ ವೇಗದಲ್ಲಿ ಎಷ್ಟು ಹಿಟ್ ಬೀಟಿನ ಮೇಲೆ ಬೀಳುತ್ತವೆ ಎಂದು ತೋರಿಸುತ್ತದೆ. ಸಿಬೆಲಿಯಸ್‌ನಲ್ಲಿ ಆಯ್ದ ಭಾಗವನ್ನು ಇಂತಿಷ್ಟು ಸಮಯಕ್ಕೆ ಹೊಂದಿಸಲು ಹೇಳಬಹುದು. ಆದರೂ ಮೇಲಿನ ಲೆಕ್ಕವನ್ನು ಕೈಯಿಂದ ಮಾಡಲು ಕಲಿಯಿರಿ. ನಿರ್ದೇಶಕರು ಪಕ್ಕದಲ್ಲೇ ಕೂತು ‘ಆ ಶಾಟ್ ಸ್ವಲ್ಪ ಹಿಂದಕ್ಕೆ ಹೋದರೆ?’ ಎಂದಾಗ ಉತ್ತರ ಬಾಯಲ್ಲೇ ಇರುತ್ತದೆ.

ಇನ್ನೊಂದು ಮಾತು. ಎಲ್ಲ ಹಿಟ್ ಹೊಡೆಯಬೇಡಿ. ಲಕೋಟೆ, ನೋಟ, ಕಟ್ ಮೂರಕ್ಕೂ ಒತ್ತು ಕೊಟ್ಟರೆ ದೃಶ್ಯ ಕಾರ್ಟೂನ್ ಆಗಿಬಿಡುತ್ತದೆ. ನಾನು ಲಕೋಟೆಯ ಬಳಿ ಸ್ವರಮೇಳವನ್ನು ಮಾತ್ರ ಬದಲಿಸಿ, ನೋಟಕ್ಕೆ ಒತ್ತು ಕೊಟ್ಟು, ಕಟ್ ಆದಾಗ ಎಲ್ಲವನ್ನೂ ನಿಲ್ಲಿಸಿಬಿಡಬಹುದು. ಲೆಕ್ಕ ಹಾಕಿದ್ದು ವ್ಯರ್ಥವಾಗುವುದಿಲ್ಲ. ನಿಲ್ಲಿಸುವುದಕ್ಕೂ ಬೀಟ್ ಬೇಕು.

ನಾಲ್ಕು ಸ್ಟಾಫಿನ ಸ್ಕೆಚ್

ಟೆಂಪೊ ನಕ್ಷೆ ಕೂತ ಮೇಲೆ ಪೂರ್ತಿ ಆರ್ಕೆಸ್ಟ್ರಾದ ಟೆಂಪ್ಲೇಟ್ ತೆರೆಯುವ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ. ಮೂವತ್ತು ಖಾಲಿ ಸ್ಟಾಫ್ (ಸ್ವರ ಬರೆಯುವ ಐದು ಗೆರೆಯ ಸಾಲು) ಕಣ್ಣೆದುರು ಇದ್ದರೆ ಮನಸ್ಸು ಅವನ್ನು ತುಂಬಿಸಲು ಹೊರಡುತ್ತದೆ. ನಾಲ್ಕು ಸ್ಟಾಫ್ ಸಾಕು: ರಾಗ, ನಡುವಿನ ಸ್ವರಮೇಳ, ಬೇಸ್, ಮತ್ತು ಲಯಕ್ಕೋ ಪ್ರತಿರಾಗಕ್ಕೋ ಒಂದು. ಪ್ರತಿ ಬಾರಿನ ಮೇಲೆ ಟೈಮ್‌ಕೋಡ್ ಕಾಣುವಂತೆ ಮಾಡಿ. ಮಾತು ಇರುವ ಜಾಗವನ್ನು ಮೇಲೆ ಬರೆದುಕೊಳ್ಳಿ. ನಮ್ಮ ದೃಶ್ಯದಲ್ಲಿ ಏಳನೇ ಬಾರಿನ ಎರಡನೇ ಬೀಟಿನಿಂದ ಎಂಟನೇ ಬಾರಿನ ಮೂರನೇ ಬೀಟ್ ಮುಗಿಯುವವರೆಗೆ ಮಾತಿದೆ. ಅಲ್ಲಿ ಚೆಲ್ಲೋದ ಮೇಲಿನ ಸ್ವರಗಳಲ್ಲಿ ರಾಗ ಬರೆದರೆ ಮಿಕ್ಸಿಂಗ್ ಮಾಡುವವರು ಅದನ್ನು ಇಳಿಸಿಬಿಡುತ್ತಾರೆ. ಇಳಿಸಿದ ರಾಗಕ್ಕಿಂತ ಬರೆಯದ ರಾಗ ಮೇಲು. ಅಲ್ಲಿ ಬೇಸ್ ಒಂದನ್ನು ಹಿಡಿದಿಟ್ಟು, ತೀರಾ ಮೇಲೆ ವಯಲಿನ್‌ಗಳ ತೆಳು ಎಳೆ ಇಟ್ಟರೆ ಮಾತಿಗೆ ನಡುವೆ ಜಾಗ ಸಿಗುತ್ತದೆ.

ಥೀಮ್ ಕೆಲಸಕ್ಕೂ ಸಾಫ್ಟ್‌ವೇರ್ ಒಳ್ಳೆಯ ಜೊತೆಗಾರ. ಸ್ವರಗಳ ಅವಧಿಯನ್ನು ದುಪ್ಪಟ್ಟು ಮಾಡುವುದು, ರಾಗವನ್ನು ತಲೆಕೆಳಗು ಮಾಡುವುದು, ಹಿಂದುಮುಂದಾಗಿಸುವುದು, ಎಲ್ಲವೂ ಒಂದೆರಡು ಕ್ಲಿಕ್ಕಿನ ಕೆಲಸ. ಹೀಗೆ ಬಂದ ಹತ್ತರಲ್ಲಿ ಒಂಬತ್ತು ಕಸ. ಉಳಿದ ಒಂದು ಸಾಲು ಕೈಬೆರಳಿಗೆ ಎಂದೂ ಹೊಳೆಯದಂಥದ್ದಾಗಿರುತ್ತದೆ, ಯಾಕೆಂದರೆ ಬೆರಳು ಯಾವಾಗಲೂ ತನಗೆ ಅಭ್ಯಾಸವಿರುವ ಕಡೆಗೇ ಹೋಗುತ್ತದೆ. ಅಂಥ ಸಾಲುಗಳನ್ನು ಒಂದು ಫೈಲಿನಲ್ಲಿ ಕೂಡಿಡಿ. ಸಿಬೆಲಿಯಸ್‌ನಲ್ಲಿ ಇದಕ್ಕೆಂದೇ ಐಡಿಯಾಸ್ ಪ್ಯಾನೆಲ್ ಇದೆ.

ನುಡಿಸಿದ್ದು ಕಾಗದಕ್ಕೆ ಬರುವಾಗ

ಮಾಕ್‌ಅಪ್ (ಕಂಪ್ಯೂಟರಿನ ಶಬ್ದಗಳಿಂದ ಕಟ್ಟಿದ ಮಾದರಿ) ಅನ್ನು ಲಾಜಿಕ್ ಅಥವಾ ಕ್ಯೂಬೇಸ್‌ನಲ್ಲಿ ಮಾಡುವವರು ಮಿಡಿ ಫೈಲನ್ನು (ಯಾವ ಸ್ವರ, ಯಾವಾಗ ಎಂಬ ದಾಖಲೆ) ನೇರವಾಗಿ ನೊಟೇಶನ್‌ಗೆ ತಂದು ಗಾಬರಿಯಾಗುತ್ತಾರೆ: ಅರವತ್ತನಾಲ್ಕನೇ ಪಾಲಿನ ವಿರಾಮಗಳು, ಒಂದರ ಮೇಲೊಂದು ಬಿದ್ದ ಟೈಗಳು (ಸ್ವರವನ್ನು ಮುಂದುವರಿಸುವ ಕಮಾನುಗೆರೆಗಳು), ಯಾರೂ ಬರೆಯದ ಪಾತಾಳದ ಸ್ವರಗಳು. ತಪ್ಪು ಸಾಫ್ಟ್‌ವೇರಿನದಲ್ಲ. ತರುವ ಮುಂಚೆ ಸೆಷನ್ನಿನ ಒಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ಹೀಗೆ ಮಾಡಿ. ಶಬ್ದ ಬದಲಿಸಲು ಒತ್ತಿದ ಕೀಸ್ವಿಚ್ ಸ್ವರಗಳನ್ನೆಲ್ಲ ಅಳಿಸಿ. ಪಾತಾಳದ ಸ್ವರಗಳೆಂದರೆ ಇವೇ. ಸ್ಯಾಂಪಲ್ (ನಿಜವಾದ ವಾದ್ಯದ ರೆಕಾರ್ಡ್ ಮಾಡಿದ ಶಬ್ದ) ತಡವಾಗಿ ಏಳುತ್ತದೆ ಎಂದು ಟ್ರ್ಯಾಕನ್ನೋ ಸ್ವರಗಳನ್ನೋ ಬೀಟಿಗಿಂತ ಮುಂಚೆಯೇ ಬರುವಂತೆ ಎಳೆದಿದ್ದರೆ ಅವನ್ನು ಬೀಟಿಗೆ ವಾಪಸ್ ತನ್ನಿ. ಲೆಗಾಟೊಗಾಗಿ (ಸ್ವರಗಳು ಬಿಡುವಿಲ್ಲದೆ ಹರಿಯಲೆಂದು) ಒಂದರೊಳಗೊಂದು ನುಗ್ಗಿಸಿದ ಸ್ವರಗಳ ತುದಿ ಕತ್ತರಿಸಿ. ಆಮೇಲೆ ಕ್ವಾಂಟೈಸ್ (ಸ್ವರಗಳನ್ನು ಲಯದ ಗೆರೆಗೆ ಕೂರಿಸುವುದು), ಟ್ರಿಪ್ಲೆಟ್ (ಎರಡರ ಜಾಗದಲ್ಲಿ ಮೂರು ಸ್ವರ) ಇರುವ ಬಾರುಗಳಿಗೆ ಬೇರೆ, ಇಲ್ಲದವಕ್ಕೆ ಬೇರೆ. ದೀರ್ಘ, ಗಿಡ್ಡ, ಪಿಜಿಕಾಟೊ (ತಂತಿ ಮೀಟುವುದು) ಎಂದು ಮೂರು ಟ್ರ್ಯಾಕಿನಲ್ಲಿರುವ ವಯೊಲಾವನ್ನು ಒಂದಕ್ಕೆ ಸೇರಿಸಿ. ಟೆಂಪೊ ಮತ್ತು ತಾಳದ ನಕ್ಷೆ ಮಿಡಿಯೊಳಗೇ ಬರಲಿ.

ಇಷ್ಟು ಮಾಡಿದರೂ ಸದ್ದಿನ ಏರಿಳಿತ ಬರುವುದಿಲ್ಲ. ಮಾಡ್ಯುಲೇಶನ್ ವೀಲಿನಲ್ಲಿ ನೀವು ಎಳೆದ ಗೆರೆ ಕಾಗದದ ಮೇಲೆ ಹೇರ್‌ಪಿನ್ (ಏರಿಳಿತ ಸೂಚಿಸುವ ಕವಲುಗೆರೆ) ಆಗಿ ತಾನೇ ಬಂದು ಕೂರುವುದಿಲ್ಲ. ಮಾಕ್‌ಅಪ್ಪಿನ ಆಡಿಯೊ ಕೇಳುತ್ತ ಕೈಯಿಂದಲೇ ಬರೆಯಬೇಕು: ಇಲ್ಲಿ ಪಿಯಾನೊ (ಮೆಲ್ಲಗೆ), ಮೂರನೇ ಬೀಟಿಗೆ ಮೆಜೊ ಫೋರ್ಟೆ (ಸ್ವಲ್ಪ ಜೋರು), ಮತ್ತೆ ಇಳಿತ. ಬೇಸರದ ಕೆಲಸ ಅನ್ನುತ್ತಾರೆ. ನನಗೆ ಅನ್ನಿಸುವುದೇ ಬೇರೆ. ಯಾವ ಸ್ವರದ ಕಡೆಗೆ ಸಾಲು ಹರಿಯುತ್ತಿದೆ ಎಂದು ಸಂಗೀತ ನಿರ್ದೇಶಕರಿಗೇ ಸ್ಪಷ್ಟವಾಗುವುದು ಎಷ್ಟೋ ಸಲ ಈ ಹಂತದಲ್ಲಿ.

ಸ್ಯಾಂಪಲ್‌ಗಳು ಹೇಳುವ ಸುಳ್ಳುಗಳು ಸ್ಕೋರಿನ (ಎಲ್ಲ ವಾದ್ಯಗಳ ಸಾಲುಗಳೂ ಇರುವ ಪ್ರತಿ) ಮೇಲೆ ಬಯಲಾಗುತ್ತವೆ. ಹದಿನಾರು ವಯಲಿನ್‌ಗಳನ್ನು ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದ ಪ್ಯಾಚಿನಲ್ಲಿ (ಶಬ್ದದಲ್ಲಿ) ಮೂರು ಸ್ವರ ಒಟ್ಟಿಗೆ ಒತ್ತಿದರೆ ನೀವು ಕೇಳುವುದು ನಲವತ್ತೆಂಟು ವಯಲಿನ್. ಕಾಗದದ ಮೇಲೆ ಅದು ಮೂರು ಗುಂಪಾಗಿ ಒಡೆದ ಹದಿನಾರೇ ಜನ. ಒಂದೋ ಕೆಳಗಿನ ಸ್ವರವನ್ನು ವಯೊಲಾಗೆ ಕೊಡಿ, ಇಲ್ಲವೇ ತೆಳುವಾಗುವುದನ್ನು ಒಪ್ಪಿಕೊಳ್ಳಿ. ಫ್ಲೂಟಿನ ಕೆಳಗಿನ ಸ್ವರಗಳು ಮಾಕ್‌ಅಪ್ಪಿನಲ್ಲಿ ಟ್ರೊಂಬೋನ್‌ಗಳ ಮೇಲೂ ಕೇಳಿಸುತ್ತವೆ, ಯಾಕೆಂದರೆ ಫೇಡರ್ ನಿಮ್ಮ ಕೈಯಲ್ಲಿದೆ, ಸ್ಟುಡಿಯೊದಲ್ಲಿ ಮುಳುಗಿಹೋಗುತ್ತವೆ. ನಿಲುಕದ ಸ್ವರ ಬರೆದರೆ ಸಾಫ್ಟ್‌ವೇರ್ ಕೆಂಪು ಮಾಡಿ ತೋರಿಸುತ್ತದೆ, ನಿಜ. ಓಬೊದ ತೀರಾ ಕೆಳಗಿನ ಸ್ವರವನ್ನು ಮೆಲ್ಲಗೆ ನುಡಿಸಿ ಎಂದು ಬರೆದರೆ ಮಾತ್ರ ಅದು ಸುಮ್ಮನಿರುತ್ತದೆ. ಅದನ್ನು ನೀವೇ ತಿಳಿದಿರಬೇಕು. ಊದುವ ವಾದ್ಯಗಳ ಪ್ರತಿ ಸಾಲನ್ನೂ ಒಮ್ಮೆ ಬಾಯಲ್ಲಿ ಗುನುಗಿ ನೋಡಿ. ನಿಮಗೆ ಉಸಿರು ಸಾಲದಿದ್ದರೆ ಟ್ಯೂಬಾ ವಾದಕರಿಗೂ ಸಾಲುವುದಿಲ್ಲ.

ಸಂಕಲನಕಾರರು ಕತ್ತರಿ ಆಡಿಸಿದಾಗ

‘ಚಿತ್ರ ಲಾಕ್ ಆಗಿದೆ’, ಅಂದರೆ ಇನ್ನು ಸಂಕಲನ ಬದಲಾಗುವುದಿಲ್ಲ ಎಂಬ ಮಾತನ್ನು ನಗುಮುಖದಿಂದ ಕೇಳಿಸಿಕೊಳ್ಳಿ. ನಮ್ಮ ದೃಶ್ಯದಲ್ಲಿ ಮಾತು ಮುಗಿದು ಅವಳು ತಿರುಗುವ ನಡುವೆ 2 ಸೆಕೆಂಡ್ 8 ಫ್ರೇಮ್ ಹೋಯಿತು ಎನ್ನಿ. ಅದು 2.67 ಬೀಟ್. ಎರಡು ಹಿಟ್‌ಗಳ ನಡುವೆ ಇದ್ದದ್ದು 20 ಬೀಟ್. ಈಗ 17 ಇಟ್ಟರೆ ವೇಗ 67.25, 18 ಇಟ್ಟರೆ 71.2. ನಾನು 17 ಆರಿಸುತ್ತೇನೆ, ವೇಗ ಹೆಚ್ಚು ಕದಲುವುದಿಲ್ಲ. ಒಂಬತ್ತನೇ ಬಾರನ್ನು ತೆಗೆದು ಎಂಟನೆಯದನ್ನು 5/4 ಮಾಡಿದರೆ ಆಯಿತು. ನೋಟದಿಂದ ಮುಂದಿನದೆಲ್ಲ ಇದ್ದ ಹಾಗೇ ಇರುತ್ತದೆ. ಬಾರುಗಳಾಗಿ ಯೋಚಿಸಿ ಬರೆದಿದ್ದಕ್ಕೆ ಇಲ್ಲಿ ಲಾಭ: ಯಾವ ಮೂರು ಬೀಟ್ ಹೋದರೂ ರಾಗ ಸಾಯುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಪಾರ್ಟ್‌ಗಳು (ಒಬ್ಬೊಬ್ಬ ವಾದಕರ ಹಾಳೆಗಳು) ಅಚ್ಚಾದ ಮೇಲೆ ಬಾರು ಸೇರಿಸಬೇಕಾಗಿ ಬಂದರೆ ಸಂಖ್ಯೆ ಬದಲಿಸಬೇಡಿ. 32ಎ, 32ಬಿ ಎಂದು ಹೆಸರಿಡಿ.

ಪಾರ್ಟ್‌ಗಳು

ಸ್ಟುಡಿಯೊದಲ್ಲಿ ವಾದಕರು ಆ ಪುಟವನ್ನು ಮೊದಲ ಸಲ ನೋಡುತ್ತಾರೆ, ಒಂದೆರಡು ಸಲ ನುಡಿಸುತ್ತಾರೆ, ಆಮೇಲೆ ಕೆಂಪು ದೀಪ. ಹಾಗಾಗಿ ಪ್ರತಿ ಬಾರಿಗೂ ಸಂಖ್ಯೆ ಹಾಕಿ. ಚಿತ್ರಸಂಗೀತದಲ್ಲಿ ಕೀ (ಆಧಾರ ಶ್ರುತಿ) ಪದೇ ಪದೇ ಬದಲಾಗುವುದರಿಂದ ಸಾಲಿನ ಮೊದಲಲ್ಲಿ ಅದನ್ನು ಸೂಚಿಸುವ ಕೀ ಸಿಗ್ನೇಚರ್ ಬಿಟ್ಟು ಶಾರ್ಪ್, ಫ್ಲಾಟ್‌ಗಳನ್ನು ಸ್ವರದ ಪಕ್ಕದಲ್ಲೇ ಬರೆಯುವುದು ವಾಡಿಕೆ. ಮುಂದಿನ ಬಾರಿನಲ್ಲಿ ಅನುಮಾನ ಬರುವಂತಿದ್ದರೆ ನೆನಪಿಸುವ ಗುರುತು ಹಾಕಿ. ಹಾಳೆ ತಿರುವುವ ಸದ್ದು ಮೈಕಿಗೆ ಬೀಳುತ್ತದೆ. ಆದ್ದರಿಂದ ಪುಟದ ಕೊನೆಯಲ್ಲಿ ವಿರಾಮ ಬರುವಂತೆ ಹೊಂದಿಸಿ, ಆಗದಿದ್ದರೆ ಹಾಳೆಗಳನ್ನು ಅಂಟಿಸಿ ಉದ್ದಕ್ಕೆ ಬಿಡಿಸಿಡುವಂತೆ ಮಾಡಿ. ಸ್ಕೋರಿನಲ್ಲಿ ಬದಲಿಸಿದ್ದು ಪಾರ್ಟಿಗೆ ತಾನಾಗಿ ಹೋಗುತ್ತದೆ, ನಿಜ, ಆದರೆ ಅದರ ಜೊತೆ ಪುಟದ ಹೊಂದಾಣಿಕೆಯೂ ಕದಲಿರುತ್ತದೆ. ಅಚ್ಚಿಗೆ ಮುಂಚೆ ಪ್ರತಿ ಪಾರ್ಟನ್ನೂ ತೆರೆದು ನೋಡದೆ ಬೇರೆ ದಾರಿಯಿಲ್ಲ.

ರೆಕಾರ್ಡಿಂಗ್ ದಿನ ಲ್ಯಾಪ್‌ಟಾಪಿನಲ್ಲಿ ಸ್ಕೋರ್ ತೆರೆದಿಟ್ಟುಕೊಂಡು ಕೂರಿ. ಹಾರ್ನ್ ಸಾಲನ್ನು ಒಂದು ಆಕ್ಟೇವ್ ಇಳಿಸಿದ್ದು, ಹಾರ್ಪ್ ಬಿಟ್ಟದ್ದು, 5/4 ಬಾರಿನಲ್ಲಿ ಕಂಡಕ್ಟರ್ ಹೇಗೆ ಒಡೆದು ಎಣಿಸಿದರು ಎಂಬುದು, ಎಲ್ಲವನ್ನೂ ಅಲ್ಲೇ ಸೇರಿಸಿ, ಆವೃತ್ತಿ ಸಂಖ್ಯೆ ಏರಿಸಿ, ಸೇವ್ ಮಾಡಿ. ಅದೇ ಥೀಮ್ 6ಎಂ4ರಲ್ಲಿ ಮತ್ತೆ ಬಂದಾಗ ಕಾಪಿ ಮಾಡಬೇಕಾದ್ದು ನುಡಿಸಿದ ಆವೃತ್ತಿಯನ್ನು, ಬರೆದ ಆವೃತ್ತಿಯನ್ನಲ್ಲ.