ಎರಡು ನಿಮಿಷದ ವಿಡಿಯೊ, ಒಂದು ಫೋಟೊ: ಸೋಂಕು ನಿಯಂತ್ರಣ ತರಬೇತಿಯ ನನ್ನ ಅನುಭವ

ಮೊಬೈಲ್ ನೋಡಿ ಯಾರೂ ಕೈ ತೊಳೆಯುವುದನ್ನು ಕಲಿಯುವುದಿಲ್ಲ ಎಂದು ಕೋಲಾರದ ನಮ್ಮ ಆಸ್ಪತ್ರೆಯ ಹಿರಿಯ ಸಿಸ್ಟರ್‌ಗಳು ಖಡಾಖಂಡಿತವಾಗಿ ಹೇಳಿದ್ದರು. ಈಗ ಹೊಸಬರು ಬಂದರೆ ಮೊದಲು ನನ್ನ ವಿಡಿಯೊ ಕಳುಹಿಸುವವರು ಅವರೇ.

ಸಿಬ್ಬಂದಿಗೆ ಸೋಂಕು ತಡೆಯುವುದನ್ನು ಕಲಿಸಲು ಆರಂಭದಲ್ಲಿ ಮೊಬೈಲ್‌ನಲ್ಲೇ ನೋಡುವ ಸಿದ್ಧ ಕೋರ್ಸ್ ಕೊಂಡೆವು. ಮೂವತ್ತು ಸಾವಿರದ ಆಸುಪಾಸು ಖರ್ಚು. ಇಂಗ್ಲಿಷ್‌ನಲ್ಲಿ ಮುಕ್ಕಾಲು ಗಂಟೆಯ ಪಾಠಗಳು. ನೈಟ್ ಡ್ಯೂಟಿ ಮುಗಿಸಿ ಮುಳಬಾಗಿಲಿನ ಬಸ್ ಹತ್ತಿದವರು ಪಾಠವನ್ನು ಅದರ ಪಾಡಿಗೆ ಬಿಟ್ಟು ನಿದ್ದೆ ಹೋಗುತ್ತಿದ್ದರು. ಎಲ್ಲರ ಕೈಗೂ ಪ್ರಮಾಣಪತ್ರ ಬಂತು, ಬಳಸಿದ ಐವಿ ಸೆಟ್ (ಡ್ರಿಪ್ ಹಾಕುವ ಪ್ಲಾಸ್ಟಿಕ್ ನಳಿಕೆ) ಮಾತ್ರ ಪ್ಲಾಸ್ಟಿಕ್ ಕಸದ ಕೆಂಪು ಚೀಲದ ಬದಲು ಹಳದಿಗೇ ಬೀಳುತ್ತಿತ್ತು. ಸಂಜೆಯ ಜೂಮ್ ತರಗತಿಗೆಂದು ಡೇಟಾ ಹಾಕಿಸಿಕೊಟ್ಟ ಹಣವೂ ನೀರುಪಾಲಾಯಿತು.

ಕೊನೆಗೆ ನಮ್ಮದೇ ವಾರ್ಡಿನ ಸಿಂಕ್, ನಮ್ಮದೇ ಟ್ರಾಲಿ ಇಟ್ಟುಕೊಂಡು ಎರಡು ನಿಮಿಷದ ತುಣುಕುಗಳನ್ನು ಕನ್ನಡದಲ್ಲಿ ಚಿತ್ರೀಕರಿಸಿದೆ. ಒಂದು ತುಣುಕಿಗೆ ಒಂದೇ ವಿಷಯ. ಸ್ಟ್ಯಾಂಡ್, ಮೈಕ್ ಎಲ್ಲ ಸೇರಿ ಐದು ಸಾವಿರ ದಾಟಲಿಲ್ಲ. ಆದರೆ ಕೆಲಸ ಮಾಡಿದ್ದು ವಿಡಿಯೊಗಿಂತ ಫೋಟೊ. ಶಿಫ್ಟ್ ಬದಲಾಗುವ ಹೊತ್ತಿಗೆ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕುತ್ತೇನೆ: ಮುಕ್ಕಾಲಿಗಿಂತ ಹೆಚ್ಚು ತುಂಬಿದ, ಬಳಸಿದ ಸೂಜಿಗಳ ಡಬ್ಬಿ, ನೆಲ ಮುಟ್ಟಿದ ಮೂತ್ರದ ಚೀಲ. ರೋಗಿಯ ಮುಖ, ಹೆಸರು ಕಾಣಿಸಬಾರದು. ತಪ್ಪೇನೆಂದು ದನಿ ಸಂದೇಶದಲ್ಲಿ ಉತ್ತರಿಸಬೇಕು. ಯಾವ ಫೋಟೊ ಯಾರ ಶಿಫ್ಟಿಗೆ ಎಂಬ ಲೆಕ್ಕಾಚಾರ ನನ್ನ ಬಳಿಯೇ ಇರಲಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹ್ಯಾಂಡ್‌ರಬ್‌ಗೆ (ಕೈಗೆ ಉಜ್ಜುವ ಸ್ಯಾನಿಟೈಸರ್) ಹಳದಿ ಹೈಲೈಟರ್ ಶಾಯಿ ಬೆರೆಸಿ, ಕೈಗೆ ಉಜ್ಜಿಸಿ, ಕತ್ತಲೆಯಲ್ಲಿ ಯುವಿ (ನೇರಳಾತೀತ) ಟಾರ್ಚ್ ಬಿಟ್ಟೆ. ಅಂಗೈ ಫಳಫಳ ಹೊಳೆಯಿತು. ಹ್ಯಾಂಡ್‌ರಬ್ ತಾಗದ ಹೆಬ್ಬೆರಳ ಬುಡ, ಬೆರಳ ತುದಿ ಕಪ್ಪಾಗಿಯೇ ಉಳಿದಿದ್ದವು. ನಾಲ್ಕು ನೂರು ರೂಪಾಯಿಯ ಆ ಟಾರ್ಚ್, 20ರಿಂದ 30 ಸೆಕೆಂಡ್ ಏಕೆ ಉಜ್ಜಬೇಕೆಂಬುದನ್ನು ಯಾವ ಪಾಠಕ್ಕಿಂತಲೂ ಚೆನ್ನಾಗಿ ಮನವರಿಕೆ ಮಾಡಿತು. ಆಯಾಗಳಿಗಾಗಿ ವಿಡಿಯೊಗಳಿಗೆ ತೆಲುಗಿನಲ್ಲೂ ದನಿ ಕೊಡಿಸಿದೆ. ಅವರು ಮನೆಯವರಿಗೂ ತೋರಿಸಿದರಂತೆ.

ರೋಗಿಯನ್ನು ಮುಟ್ಟುವ ಮುನ್ನ ಕೈ ಶುಚಿ ಮಾಡುವವರು ಮೊದಲು ಹತ್ತಕ್ಕೆ ಮೂರೋ ನಾಲ್ಕೋ ಇದ್ದರು, ಈಗ ಎಂಟರ ಹತ್ತಿರ ಇದ್ದಾರೆ. ಮಂಚದ ಕಂಬಿ, ಮಾನಿಟರ್ ಮುಟ್ಟಿದ ಮೇಲಿನ ಶುಚಿ ಇನ್ನೂ ಸಾಲದು, ಅದರಲ್ಲೂ ರಾತ್ರಿ ಪಾಳಿಯಲ್ಲಿ. ಮುಂದಿನ ಫೋಟೊಗಳೆಲ್ಲ ಅದರವೇ.